ಚಿರತೆಯ ಚುಕ್ಕೆ, ಸಿಂಹದ ವ್ರತ

ಅನಾದಿಕಾಲದಿಂದ ಸಂಸಾರದಲ್ಲಿ ತೊಳಲುತ್ತಿರುವ ಜೀವನು ಕರ್ಮದಿಂದ ಬಂದುದನ್ನು ತನ್ನ ಸ್ವರೂಪವೆಂದೇ ನಂಬಿಕೊಂಡಿದ್ದಾನೆ. ಕೋಪಿಷ್ಠನು ಕೋಪವೇ ತನ್ನ ಗುಣವೆನ್ನುತ್ತಾನೆ. ನಾಲಗೆಯ ಚಾಪಲ್ಯವುಳ್ಳವನು ಅದು ಹುಟ್ಟಿನಿಂದ ಬಂದುದೆನ್ನುತ್ತಾನೆ. ಬಸದಿಯಲ್ಲಿ ಒಂದು ನಿಯಮವನ್ನು ಸ್ವೀಕರಿಸಿರೆಂದರೆ, ಈ ವಯಸ್ಸಿನಲ್ಲಿ ಇನ್ನೇನು ಬದಲಾವಣೆ ಎಂದು ಕೈಮುಗಿದು ಹಿಂದೆ ಸರಿಯುವವರೇ ಹೆಚ್ಚು. ಈ ಹಿಂಜರಿಕೆಗೆ ಗಾದೆಗಳ ಬೆಂಬಲವೂ ಉಂಟು. ಹುಟ್ಟುಗುಣ ಸುಟ್ಟರೂ ಹೋಗದೆಂಬುದು ಕನ್ನಡಿಗರ ಮಾತು. ಇಂಗ್ಲಿಷ್ ಮಾತನಾಡುವವರು ಇದೇ ಅರ್ಥದಲ್ಲಿ ಚಿರತೆಯನ್ನು ಸಾಕ್ಷಿಗೆ ಕರೆಯುತ್ತಾರೆ: ಚಿರತೆಯು ತನ್ನ ಮೈಮೇಲಿನ ಚುಕ್ಕೆಗಳನ್ನು ಬದಲಿಸಿಕೊಳ್ಳಲಾರದಂತೆ. ಆ ನುಡಿಗೆ ಮೂಲವು ಕ್ರೈಸ್ತರ ಹಳೆಯ ಒಡಂಬಡಿಕೆಯಲ್ಲಿರುವ ಯೆರೆಮೀಯನೆಂಬ ಪ್ರವಾದಿಯ ಗ್ರಂಥ. ಇಂದು ಇಂಗ್ಲಿಷ್ ಕಲಿತ ಮಕ್ಕಳಿರುವ ಶ್ರಾವಕರ ಮನೆಗಳಲ್ಲಿಯೂ ಈ ಮಾತು ಕೇಳಿಬರುತ್ತದೆ. ಅಜ್ಜಿಯ ಹಟವನ್ನು ಮೊಮ್ಮಗನೂ, ಮೊಮ್ಮಗನ ಸೋಮಾರಿತನವನ್ನು ಅಜ್ಜಿಯೂ ತಮ್ಮ ತಮ್ಮ ಭಾಷೆಯ ಗಾದೆಯಿಂದ ಅಳೆಯುವುದುಂಟು.

ಮೈಸೂರು ನಗರದ ಪಶ್ಚಿಮದ ಅಂಚಿನಲ್ಲಿ, ಹುಣಸೂರು ರಸ್ತೆಯ ಮೇಲಿರುವ ಹಿನಕಲ್ಲಿನವರಿಗೆ ಚಿರತೆಯೆಂಬುದು ಬರಿಯ ಗಾದೆಯ ಪ್ರಾಣಿಯಲ್ಲ. 2024ನೆಯ ಇಸವಿಯ ಡಿಸೆಂಬರ್ 31ರಂದು, ಹಿನಕಲ್ಲಿಗೆ ದೂರವಲ್ಲದ ಹೆಬ್ಬಾಳ ಕೈಗಾರಿಕಾ ಪ್ರದೇಶದ ಇನ್ಫೋಸಿಸ್ ಸಂಸ್ಥೆಯ ಆವರಣದಲ್ಲಿ ಚಿರತೆಯೊಂದು ಕಾಣಿಸಿಕೊಂಡಿತು. ಅರಣ್ಯ ಇಲಾಖೆಯವರು ಹುಡುಕಾಟಕ್ಕೆ ತೊಡಗಿದರು. ಅಲ್ಲಿಯ ನೌಕರರಿಗೆ ಆ ದಿನ ಮನೆಯಿಂದಲೇ ಕೆಲಸ ಮಾಡುವಂತೆ ಸೂಚನೆ ಹೋಯಿತು. ಚಿರತೆಯು ತಪ್ಪನ್ನೇನೂ ಮಾಡಿರಲಿಲ್ಲ. ಆಹಾರವನ್ನೂ ಅಡಗುವ ಸ್ಥಳವನ್ನೂ ಅರಸುವ ಜೀವ ಅದು. ವಿಚಾರಮಾಡತಕ್ಕ ಸಂಗತಿ ಇನ್ನೊಂದಿದೆ. ವರ್ಷಗಟ್ಟಲೆ ಒಂದೇ ಹೊತ್ತಿಗೆ ಎದ್ದು, ಒಂದೇ ಬಸ್ಸನ್ನು ಹಿಡಿದು, ಒಂದೇ ಕುರ್ಚಿಯಲ್ಲಿ ಕುಳಿತು ಕೆಲಸಮಾಡುತ್ತಿದ್ದ ಸಾವಿರಾರು ಮಂದಿಯ ಅಭ್ಯಾಸವು ಒಂದೇ ಬೆಳಗಿನಲ್ಲಿ ಬದಲಾಯಿತು. ಯಾರೂ ತಮ್ಮ ಸ್ವಭಾವವನ್ನು ಕಾರಣವಾಗಿ ಮುಂದಿಡಲಿಲ್ಲ. 2020ರಲ್ಲಿ ಸಾಂಕ್ರಾಮಿಕ ರೋಗವು ಹರಡಿ ಲೋಕವೇ ಬಾಗಿಲು ಹಾಕಿಕೊಂಡಾಗಲೂ ಹೀಗೆಯೇ ಆಯಿತು. ಮದುವೆಯ ಊಟ, ಜಾತ್ರೆ, ಹೋಟೆಲು, ಕೈಕುಲುಕುವುದು ಎಲ್ಲವನ್ನೂ ಮನುಷ್ಯನು ಬಿಟ್ಟನು. ಪ್ರಾಣಭಯವೂ ಸಂಬಳವೂ ಹೇಳಿದರೆ ಬದಲಾಗುವ ಅಭ್ಯಾಸವು ಜಿನವಾಣಿಯು ಹೇಳಿದಾಗ ಮಾತ್ರ ಸ್ವಭಾವವೆನಿಸಿಕೊಳ್ಳುವುದು ವಿಚಿತ್ರ.

ಚಿರತೆಯ ಗಾದೆಯಲ್ಲಿ ಸಿದ್ಧಾಂತದ ದೃಷ್ಟಿಯಿಂದ ಒಂದು ದೋಷವಿದೆ. ಅದು ಎರಡು ಬೇರೆ ಬೇರೆ ಕರ್ಮಗಳ ಫಲವನ್ನು ಒಂದೇ ಗಂಟಿನಲ್ಲಿ ಕಟ್ಟುತ್ತದೆ. ಶರೀರದ ಬಣ್ಣ, ಆಕಾರ, ಎತ್ತರ, ಧ್ವನಿ ಇವು ನಾಮಕರ್ಮದ ಉದಯದಿಂದ ದೊರೆತವು. ಚಿರತೆಯ ಚುಕ್ಕೆಯು ವರ್ಣನಾಮಕರ್ಮದ ಕೆಲಸ. ಆ ಪರ್ಯಾಯವು ಇರುವವರೆಗೆ ಚುಕ್ಕೆಯೂ ಇರುತ್ತದೆ. ಅದು ಬಂಧಕ್ಕೂ ಕಾರಣವಲ್ಲ, ಮೋಕ್ಷಕ್ಕೂ ಅಡ್ಡಿಯಲ್ಲ. ಅಭ್ಯಾಸವಾದರೋ ಹಾಗಲ್ಲ. ತಿನ್ನಬಾರದುದನ್ನು ತಿನ್ನುವುದು, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವುದು, ಸಣ್ಣ ಮಾತಿಗೆ ಕೆರಳುವುದು, ಇದ್ದುದು ಸಾಲದೆಂದು ಕೂಡಿಡುವುದು, ಇವೆಲ್ಲ ಚಾರಿತ್ರಮೋಹನೀಯದ ವ್ಯಾಪಾರ. ಹದಿನಾರು ಕಷಾಯಗಳು, ಒಂಬತ್ತು ನೋಕಷಾಯಗಳು ಹೀಗೆ ಇಪ್ಪತ್ತೈದು ಪ್ರಕೃತಿಗಳಾಗಿ ಆ ಕರ್ಮವನ್ನು ಆಚಾರ್ಯರು ವಿಂಗಡಿಸಿ ತೋರಿಸಿದ್ದಾರೆ. ಅದಕ್ಕೆ ಉದಯವಿರುವಂತೆ ಉಪಶಮವೂ ಉಂಟು, ಕ್ಷಯೋಪಶಮವೂ ಉಂಟು, ಕ್ಷಯವೂ ಉಂಟು. ಕಟ್ಟಿದ ಕರ್ಮದ ಸ್ಥಿತಿ ಅನುಭಾಗಗಳು ಪರಿಣಾಮವಿಶೇಷದಿಂದ ಕುಗ್ಗುತ್ತವೆ. ಅದಕ್ಕೆ ಅಪಕರ್ಷಣವೆಂದು ಹೆಸರು. ಆತ್ಮನ ಸ್ವಭಾವವೆಂಬ ಹೆಸರಿಗೆ ಯೋಗ್ಯವಾದವು ಜ್ಞಾನ ದರ್ಶನಗಳೇ ಹೊರತು ರಾತ್ರಿ ಒಂಬತ್ತಕ್ಕೆ ಅನ್ನ ಬೇಕೆನ್ನುವ ಹಸಿವಲ್ಲ. ಕಷಾಯವು ಜೀವನ ವಿಭಾವ. ವಿಭಾವವನ್ನು ಸ್ವಭಾವವೆಂದು ಕರೆಯುವುದು ಬರಿಯ ಶಬ್ದದೋಷವಲ್ಲ. ಅದು ತತ್ತ್ವಶ್ರದ್ಧಾನಕ್ಕೇ ಬರುವ ಕುಂದು. ವ್ರತವಿಲ್ಲದ ಸಮ್ಯಗ್ದೃಷ್ಟಿಯು ಇರಬಹುದು. ವ್ರತವೇ ಅಸಾಧ್ಯವೆಂದು ನಂಬುವ ಸಮ್ಯಗ್ದೃಷ್ಟಿಯು ಇರಲಾರನು.

ಗಾದೆಯ ಚಿರತೆಗೆ ಎದುರಾಗಿ ನಿಲ್ಲಿಸತಕ್ಕ ಒಂದು ಸಿಂಹವು ಪುರಾಣದಲ್ಲಿದೆ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವ ಈ ವೃತ್ತಾಂತವು ವರ್ಧಮಾನ ಸ್ವಾಮಿಯ ಪೂರ್ವಭವಕ್ಕೆ ಸಂಬಂಧಿಸಿದ್ದು. ಹಿಮವತ್ಪರ್ವತದ ತಪ್ಪಲಿನಲ್ಲಿ ಒಂದು ಸಿಂಹವು ಜಿಂಕೆಯನ್ನು ಕೊಂದು ತಿನ್ನುತ್ತಿತ್ತು. ಆಕಾಶಮಾರ್ಗದಲ್ಲಿ ಹೋಗುತ್ತಿದ್ದ ಅಜಿತಂಜಯ, ಅಮಿತಗುಣ ಎಂಬ ಇಬ್ಬರು ಚಾರಣಮುನಿಗಳು ಅದನ್ನು ಕಂಡು ಕೆಳಗಿಳಿದರು. ಶಿಲೆಯ ಮೇಲೆ ಕುಳಿತು ಗಂಭೀರಧ್ವನಿಯಿಂದ ಅದರ ಹಿಂದಿನ ಭವಗಳನ್ನು ಒಂದೊಂದಾಗಿ ಹೇಳತೊಡಗಿದರು. ತ್ರಿಪೃಷ್ಠನಾಗಿ ಆಳಿದುದು, ನರಕಕ್ಕೆ ಬಿದ್ದುದು, ಅಲ್ಲಿಂದ ಬಂದು ಸಿಂಹವಾದುದು, ಮತ್ತೆ ನರಕ, ಮತ್ತೆ ಸಿಂಹ. ಕೇಳುತ್ತ ಕೇಳುತ್ತ ಆ ಮೃಗಕ್ಕೆ ಜಾತಿಸ್ಮರಣವುಂಟಾಯಿತು. ಕಣ್ಣಿನಿಂದ ನೀರು ಹರಿಯಿತು. ಇಲ್ಲಿಂದ ಹತ್ತನೆಯ ಭವದಲ್ಲಿ ನೀನು ಅಂತಿಮ ತೀರ್ಥಂಕರನಾಗುವೆಯೆಂದು ಮುನಿಗಳು ತಿಳಿಸಿದರು. ಸಿಂಹವು ಸಮ್ಯಕ್ತ್ವದೊಡನೆ ಶ್ರಾವಕವ್ರತಗಳನ್ನು ಸ್ವೀಕರಿಸಿತು.

ಆ ವ್ರತದ ಬೆಲೆ ಎಷ್ಟೆಂಬುದನ್ನು ಗಮನಿಸಬೇಕು. ಮಾಂಸವನ್ನು ಬಿಟ್ಟ ಮನುಷ್ಯನಿಗೆ ಅನ್ನವುಂಟು, ರಾಗಿಯುಂಟು, ಹಾಲುಂಟು, ಹಣ್ಣುಂಟು. ಸಿಂಹಕ್ಕೆ ಮಾಂಸದ ಹೊರತು ಬೇರೆ ಆಹಾರವೇ ಇಲ್ಲ. ಆದುದರಿಂದ ಅದಕ್ಕೆ ಮಾಂಸತ್ಯಾಗವೆಂದರೆ ಆಹಾರತ್ಯಾಗವೇ ಆಯಿತು. ಅದು ನಿಶ್ಚಲವಾಗಿ ಮಲಗಿ, ಶಾಂತಪರಿಣಾಮದಿಂದ ದೇಹವನ್ನು ಬಿಟ್ಟು, ಸೌಧರ್ಮಕಲ್ಪದಲ್ಲಿ ಸಿಂಹಕೇತುವೆಂಬ ದೇವನಾಗಿ ಹುಟ್ಟಿತು. ಅದರ ಕೇಸರವು ಹಾಗೆಯೇ ಇತ್ತು, ಉಗುರು ಹಾಗೆಯೇ ಇತ್ತು, ಮೈಬಣ್ಣವೂ ಹಾಗೆಯೇ ಇತ್ತು. ನಾಮಕರ್ಮವು ಕೊಟ್ಟದ್ದು ಯಾವುದೂ ಅಳಿಯಲಿಲ್ಲ. ಬದಲಾದುದು ಆಚರಣೆ. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚನಿಗೂ ದೇಶವಿರತವೆಂಬ ಐದನೆಯ ಗುಣಸ್ಥಾನವು ಸಾಧ್ಯವೆಂದು ಆಗಮವು ಒಪ್ಪಿದೆ. ಮಹಾವೀರ ಸ್ವಾಮಿಯ ಲಾಂಛನವಾಗಿ ಪೀಠದ ಮೇಲೆ ಸಿಂಹವನ್ನು ಪ್ರತಿದಿನ ನೋಡುವ ಶ್ರಾವಕನು, ಮನೆಗೆ ಹೋಗಿ ಚಿರತೆಯ ಗಾದೆಯನ್ನು ಹೇಳುವುದು ಉಚಿತವಲ್ಲ.

ಪುರಾಣದ ಎತ್ತರದಿಂದ ಈಗ ಹಿನಕಲ್ಲಿನ ಮನೆಯಂಗಳಕ್ಕೆ ಇಳಿಯಬೇಕು. ಈ ಊರು ತನ್ನ ನನ್ನೇಶ್ವರ ದೇವಾಲಯದೊಡನೆ ಮೊದಲು ಬೇರೊಂದು ಹಳ್ಳಿಯಾಗಿತ್ತು. ಈಗ ಹೊರವರ್ತುಲ ರಸ್ತೆಯೂ ಹುಣಸೂರು ರಸ್ತೆಯೂ ಕೂಡುವ ನಗರಭಾಗವಾಗಿದೆ. ಹೊಲಗಳಿದ್ದ ಕಡೆ ಬಡಾವಣೆಗಳೆದ್ದಿವೆ. ಕಾರ್ಖಾನೆಗೂ ಕಚೇರಿಗೂ ಹೋಗಿಬರುವ ಕುಟುಂಬಗಳು ನೆಲೆಸಿವೆ. ಇಂತಹ ಬಡಾವಣೆಯಲ್ಲಿ ಒಂದು ದಿಗಂಬರ ಜೈನ ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಾಯಿಯು ಹಳೆಯ ಕ್ರಮದವಳು. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ ನಲವತ್ತೆಂಟು ನಿಮಿಷ, ಇರುವಾಗಲೇ ಊಟ ಮುಗಿಸುವವಳು. ಮಗನು ಕೆಲಸದಿಂದ ಬರುವಾಗ ದೀಪ ಹಚ್ಚಿ ಬಹಳ ಹೊತ್ತಾಗಿರುತ್ತದೆ. ಮೈಸೂರಿನಲ್ಲಿ ಕಾರ್ತಿಕಮಾಸದಲ್ಲಿ ಆರು ಗಂಟೆಗೆ ಮುಂಚೆಯೇ ಹೊತ್ತು ಮುಳುಗುತ್ತದೆ, ಆಷಾಢದಲ್ಲಿ ಏಳಕ್ಕೆ ತುಸು ಮುಂಚೆ. ಯಾವ ಋತುವಿನಲ್ಲಿಯೂ ಅವನಿಗೆ ಹಗಲೂಟವು ದಕ್ಕದು.

ಚಾತುರ್ಮಾಸದ ಮೊದಲ ದಿನಗಳಲ್ಲಿ ತಾಯಿಯು ರಾತ್ರಿಭೋಜನದ ಮಾತನ್ನು ತೆಗೆಯುತ್ತಾಳೆ.

"ಅಮ್ಮ, ನನ್ನ ಕೆಲಸ ನಿನಗೆ ಗೊತ್ತೇ ಇದೆ. ಇಪ್ಪತ್ತು ವರ್ಷದಿಂದ ಹೀಗೆಯೇ ನಡೆದುಬಂದಿದೆ. ಈಗ ಬದಲಾಯಿಸು ಎಂದರೆ ಆಗುವುದೆ? ಮೈಗೇ ಹತ್ತಿಹೋಗಿದೆ."

"ಕೆಲಸದ ದಿನದ ಮಾತನ್ನು ಬಿಡಪ್ಪ. ಭಾನುವಾರ ನೀನು ಬೆಳಗಿನಿಂದ ಮನೆಯಲ್ಲಿಯೇ ಇರುತ್ತೀಯೆ. ಅಡಿಗೆಯೂ ನಾಲ್ಕು ಗಂಟೆಗೇ ಆಗಿರುತ್ತದೆ. ಅಂದು ಒಂಬತ್ತು ಗಂಟೆಗೆ ತಟ್ಟೆ ಹಾಕಿಸಿಕೊಳ್ಳುತ್ತೀಯಲ್ಲ, ಅದು ಯಾವ ಕೆಲಸಕ್ಕೋಸ್ಕರ?"

ಮಗನಿಗೆ ಉತ್ತರವಿಲ್ಲ. ತಾಯಿಯ ಪ್ರಶ್ನೆಯಲ್ಲಿ ವ್ಯಾಜ್ಯಕ್ಕಿಂತ ಶೋಧನೆಯು ಹೆಚ್ಚಾಗಿದೆ. ಪರಿಸ್ಥಿತಿಯ ಒತ್ತಾಯವೆಷ್ಟು, ಅಭ್ಯಾಸದ ದಾಸ್ಯವೆಷ್ಟು ಎಂಬುದನ್ನು ಬೇರ್ಪಡಿಸುವ ದಿನವು ರಜೆಯ ದಿನ. ಪರಿಸ್ಥಿತಿಯು ಇಲ್ಲದ ದಿನವೂ ಉಳಿದುಕೊಂಡದ್ದು ಅಭ್ಯಾಸವೇ ಸರಿ. ಉದ್ಯೋಗವನ್ನು ನಿಂದಿಸುವ ಅನೇಕರು ನಿವೃತ್ತಿಯಾದ ಮೇಲೂ ರಾತ್ರಿ ಒಂಬತ್ತಕ್ಕೇ ಉಣ್ಣುತ್ತಿರುವುದನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು.

ಇಲ್ಲಿ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥನಿಗೆ ಒದಗಿಬರುತ್ತದೆ. ಭೋಗೋಪಭೋಗಪರಿಮಾಣದ ಪ್ರಕರಣದಲ್ಲಿ ಅವರು ತ್ಯಾಗವನ್ನು ಎರಡಾಗಿ ವಿಂಗಡಿಸಿದ್ದಾರೆ. ಕಾಲದ ಮಿತಿಯಿಟ್ಟುಕೊಂಡು ಮಾಡುವ ತ್ಯಾಗವು ನಿಯಮ. ಬದುಕಿರುವವರೆಗೆ ಧರಿಸುವುದು ಯಮ. ಆ ಕಾಲಮಿತಿಯಾದರೂ ಎಂಥದು? ಇಂದು ಎಂಬಷ್ಟಕ್ಕೆ ಆಗಬಹುದು, ಒಂದು ಹಗಲಿಗೆ ಆಗಬಹುದು, ಒಂದು ರಾತ್ರಿಗೆ, ಒಂದು ಪಕ್ಷಕ್ಕೆ, ತಿಂಗಳಿಗೆ, ಋತುವಿಗೆ, ಅಯನಕ್ಕೆ ಆಗಬಹುದು. ದಿನದ ಒಂದು ಭಾಗಕ್ಕೆ ಮಾಡಿದ ಸಂಕಲ್ಪವನ್ನೂ ಆಚಾರ್ಯರು ಕಡೆಗಣಿಸಲಿಲ್ಲ. ದೇಶಾವಕಾಶಿಕದಲ್ಲಿಯೂ ಹೀಗೆಯೇ. ಮನೆ, ಊರು, ಹೊಲ, ನದಿ, ಕಾಡು, ಯೋಜನ ಇವುಗಳನ್ನು ಗಡಿಯಾಗಿ ಹೇಳಿದ್ದಾರೆ. ಹಿನಕಲ್ಲಿನ ಶ್ರಾವಕನು ಇಂದು ಹೊರವರ್ತುಲ ರಸ್ತೆಯನ್ನು ದಾಟುವುದಿಲ್ಲವೆಂದು ಗಡಿ ಹಾಕಿಕೊಂಡರೆ ಅದೂ ದೇಶಾವಕಾಶಿಕವೇ. ಕಣ್ಣಿಗೆ ಕಾಣುವ ಗಡಿಯನ್ನೂ ಬೆರಳಲ್ಲಿ ಎಣಿಸಬಹುದಾದ ಕಾಲವನ್ನೂ ಆಯ್ದುಕೊಂಡುದರಲ್ಲಿ ಆಚಾರ್ಯರ ಮನುಷ್ಯಜ್ಞಾನವು ಎದ್ದು ಕಾಣುತ್ತದೆ. ಅಭ್ಯಾಸವೆಂಬುದು ದಿನಗಳಿಂದ ಕಟ್ಟಿದ್ದು. ಅದನ್ನು ಬಿಚ್ಚುವುದೂ ದಿನಗಳಿಂದಲೇ. ಎಲ್ಲವನ್ನೂ ನಾಳೆಯಿಂದ ಬಿಡುತ್ತೇನೆ ಎನ್ನುವ ಉತ್ಸಾಹವು ಬಹುಮಟ್ಟಿಗೆ ನಾಡಿದ್ದಿಗೆ ಸೊರಗುತ್ತದೆ.

ಮೇಲೆ ಹೇಳಿದ ಮಗನಿಗೆ ಮೊದಲನೆಯ ನಿಯಮವಾಗಿ ಒಂದು ಭಾನುವಾರ ಸಾಕು. ಅದು ನಿಂತ ಮೇಲೆ ತಿಂಗಳಿನ ಎರಡು ಅಷ್ಟಮಿ, ಎರಡು ಚತುರ್ದಶಿ. ಆಮೇಲೆ ರಾತ್ರಿಯಲ್ಲಿ ಧಾನ್ಯದ ಆಹಾರವನ್ನು ಮಾತ್ರ ಬಿಡುವುದು. ಕೆಲಸದ ಜಾಗಕ್ಕೇ ಸಂಜೆಯ ಬುತ್ತಿಯನ್ನು ಒಯ್ದು ಐದೂವರೆಗೆ ಉಣ್ಣುವ ಏರ್ಪಾಡು ಅನೇಕ ಕಡೆ ಸಾಧ್ಯ. ಅದಕ್ಕೆ ಬೇಕಾದುದು ಒಂದು ಡಬ್ಬಿ ಮತ್ತು ಸಹೋದ್ಯೋಗಿಗಳ ನಗೆಯನ್ನು ಎರಡು ವಾರ ತಾಳಿಕೊಳ್ಳುವ ಧೈರ್ಯ.

ಚಿಕ್ಕ ನಿಯಮವೆಂದು ಹಗುರವಾಗಿ ಕಾಣುವವರು ಖದಿರಸಾರನ ಕಥೆಯನ್ನು ನೆನೆಯಬೇಕು. ಅವನು ವಿಂಧ್ಯದ ಕಾಡಿನ ಕಿರಾತ. ಶ್ರೇಣಿಕ ಮಹಾರಾಜನ ಪೂರ್ವಭವದ ಜೀವ. ಸಮಾಧಿಗುಪ್ತರೆಂಬ ಮುನಿಗಳನ್ನು ಕಂಡು ನಮಸ್ಕರಿಸಿದಾಗ ಅವರು ಧರ್ಮಲಾಭವಾಗಲೆಂದು ಹರಸಿದರು. ಧರ್ಮವೆಂದರೇನೆಂದು ಅವನು ಕೇಳಿದನು. ಮಧು ಮಾಂಸಾದಿಗಳ ತ್ಯಾಗವೆಂದು ಅವರು ತಿಳಿಸಿದರು. ಬೇಡನಿಗೆ ಅದು ಆಗದ ಮಾತು. ಅವನು ಮುಚ್ಚುಮರೆಯಿಲ್ಲದೆ ಹಾಗೆಂದೇ ಹೇಳಿದನು. ಮುನಿಗಳು ಅವನನ್ನು ಗದರಿಸಲಿಲ್ಲ, ಬಿಟ್ಟು ಹೋಗಲೂ ಇಲ್ಲ. ಕಾಗೆಯ ಮಾಂಸವನ್ನು ಎಂದಾದರೂ ತಿಂದಿರುವೆಯಾ ಎಂದು ಕೇಳಿದರು. ಇಲ್ಲವೆಂದನು. ಹಾಗಾದರೆ ಅದನ್ನೇ ವ್ರತವಾಗಿ ಬಿಡು ಎಂದರು. ತಿನ್ನದೇ ಇರುವುದನ್ನು ಬಿಡುವುದರಿಂದ ಏನು ಬಂತು ಎಂದು ಇಂದಿನ ಬುದ್ಧಿವಂತರು ನಗಬಹುದು. ತಿನ್ನದಿರುವುದಕ್ಕೂ ತಿನ್ನೆನೆಂದು ಸಂಕಲ್ಪಿಸುವುದಕ್ಕೂ ಎಷ್ಟು ಅಂತರವೆಂಬುದು ಮುಂದೆ ತಿಳಿಯಿತು. ಖದಿರಸಾರನಿಗೆ ರೋಗ ಬಂತು. ಕಾಗೆಯ ಮಾಂಸದಿಂದಲ್ಲದೆ ಗುಣವಾಗದೆಂದು ವೈದ್ಯರು ಹೇಳಿದರು. ಪ್ರಾಣ ಹೋದರೂ ವ್ರತವನ್ನು ಕೆಡಿಸೆನೆಂದು ಅವನು ನಿಂತುಬಿಟ್ಟನು.

ಅವನನ್ನು ಒಪ್ಪಿಸಲೆಂದು ಭಾವಮೈದುನನಾದ ಶೂರವೀರನು ಹೊರಟುಬಂದನು. ದಾರಿಯಲ್ಲಿ ಆಲದ ಮರದ ಕೆಳಗೆ ಒಬ್ಬ ಯಕ್ಷಿ ಅಳುತ್ತಿದ್ದಳು. ಖದಿರಸಾರನು ಈ ವ್ರತದ ಫಲದಿಂದ ತನಗೆ ಪತಿಯಾಗಬೇಕಾದವನು, ನೀನು ಹೋಗಿ ಅವನಿಗೆ ಮಾಂಸವನ್ನು ತಿನ್ನಿಸಿ ನರಕಕ್ಕೆ ಕಳುಹಿಸುವೆಯಲ್ಲ ಎಂದು ಅವಳ ದುಃಖ. ಶೂರವೀರನು ಬಂದು ರೋಗಿಯ ಮನಸ್ಸನ್ನು ಪರೀಕ್ಷಿಸಿ, ಅವನು ಅಲುಗದಿರಲು, ಯಕ್ಷಿಯ ವೃತ್ತಾಂತವನ್ನು ತಿಳಿಸಿದನು. ಒಂದು ಕಾಗೆಯನ್ನು ಬಿಟ್ಟುದಕ್ಕೇ ಇಷ್ಟು ಫಲವಾದರೆ ಎಂದು ಖದಿರಸಾರನಿಗೆ ಹೊಳೆಯಿತು. ಆಗಲೇ ಎಲ್ಲ ಮಾಂಸವನ್ನೂ ತ್ಯಜಿಸಿ ಅಣುವ್ರತಗಳನ್ನು ಧರಿಸಿ ಪ್ರಾಣಬಿಟ್ಟು ಸೌಧರ್ಮಕಲ್ಪದಲ್ಲಿ ದೇವನಾದನು. ಯಕ್ಷಿಗೆ ಅವನು ದೊರೆಯಲಿಲ್ಲ. ಅವಳ ಲೋಕಕ್ಕಿಂತ ಮೇಲಕ್ಕೆ ಹೋಗಿಬಿಟ್ಟಿದ್ದನು. ಎಲ್ಲ ಮಾಂಸವೂ ಆಗದೆಂದ ಬಾಯಿಯೇ ಎಲ್ಲ ಮಾಂಸವೂ ಬೇಡವೆಂದಿತು. ನಡುವೆ ಇದ್ದದ್ದು ಒಂದು ಕಾಗೆಯಷ್ಟು ಸಣ್ಣ ನಿಯಮ.

ಇಷ್ಟನ್ನು ಓದಿದ ಹಿರಿಯರಿಗೆ, ಈ ಮಾತುಗಳೆಲ್ಲ ಮಕ್ಕಳಿಗೂ ಸೊಸೆಯಂದಿರಿಗೂ ಹೇಳಿದುವೆಂದು ತೃಪ್ತಿಯಾಗುವುದು ಸಹಜ. ಆದರೆ ಅಭ್ಯಾಸದ ಜಾಡು ವ್ರತವಿಲ್ಲದವರ ಮನೆಯಲ್ಲಿ ಮಾತ್ರ ಬೀಳುವುದಲ್ಲ. ನಲವತ್ತು ವರ್ಷ ಅಷ್ಟಮಿ ಚತುರ್ದಶಿಗಳನ್ನು ತಪ್ಪಿಸದ ಉಪವಾಸವೂ ಒಂದು ಜಾಡಾಗಿಬಿಡಬಹುದು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಪ್ರೋಷಧೋಪವಾಸಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲ ಮೂರು, ನೋಡದೆ ಗುಡಿಸದೆ ಇಡುವುದು, ತೆಗೆದುಕೊಳ್ಳುವುದು, ಹಾಸುವುದು. ಇವು ಎಲ್ಲರಿಗೂ ತಿಳಿದಿವೆ. ಉಳಿದೆರಡನ್ನು ಓದಿ ಮುಂದೆ ಸಾಗುವವರೇ ಹೆಚ್ಚು: ಅನಾದರ ಮತ್ತು ಸ್ಮೃತ್ಯನುಪಸ್ಥಾನ. ಆದರವಿಲ್ಲದೆ ಮಾಡುವುದು, ನೆನಪಿಲ್ಲದೆ ಮಾಡುವುದು. ಹೊಟ್ಟೆಯು ಉಪವಾಸವಿದ್ದು ಮನಸ್ಸು ಪಾರಣೆಯ ಪಾಯಸದಲ್ಲಿ, ನೆರೆಮನೆಯ ಸುದ್ದಿಯಲ್ಲಿ, ಕೈಯಲ್ಲಿರುವ ಮೊಬೈಲಿನಲ್ಲಿ ತಿರುಗುತ್ತಿದ್ದರೆ ಉಪವಾಸಕ್ಕೆ ಅತಿಚಾರವು ತಗಲಿತೆಂದೇ ಲೆಕ್ಕ. ರೂಢಿಯಿಂದ ನಡೆಯುವ ವ್ರತಕ್ಕೆ ಆಚಾರ್ಯರು ಹೆಸರಿಟ್ಟು ದೋಷವೆಂದಿರುವುದು ಇಂದಿನ ಮಾತಲ್ಲ.

ಮೈಯಲ್ಲಿ ಶಕ್ತಿಯು ಉಡುಗಿ, ಹೊತ್ತುಹೊತ್ತಿಗೆ ಔಷಧವನ್ನು ತೆಗೆದುಕೊಳ್ಳಬೇಕಾದ ಹಿರಿಯರು ಯೌವನದಲ್ಲಿ ಮಾಡಿದಷ್ಟೇ ಅನಶನವನ್ನು ಈಗಲೂ ಮಾಡುವೆನೆಂದು ಹಟ ಹಿಡಿಯುವುದು ಇದೇ ಜಾತಿಯದು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೂ ತ್ಯಾಗಕ್ಕೂ ಶಕ್ತಿಯನ್ನನುಸರಿಸಿ ಎಂಬ ವಿಶೇಷಣವನ್ನು ಬುದ್ಧಿಪೂರ್ವಕವಾಗಿಯೇ ಇಟ್ಟಿದ್ದಾರೆ. ಬಾಹ್ಯತಪಸ್ಸು ಆರು ವಿಧ. ಅನಶನವು ಅವುಗಳಲ್ಲಿ ಒಂದು. ಅವಮೌದರ್ಯವೂ ತಪಸ್ಸೇ, ರಸಪರಿತ್ಯಾಗವೂ ತಪಸ್ಸೇ. ವೈದ್ಯರನ್ನು ಕೇಳಿ, ಗುರುಗಳಿಗೆ ತಿಳಿಸಿ, ಅಂದಿನ ಮಟ್ಟಿಗೆ ಒಂದು ರಸವನ್ನು ಬಿಟ್ಟು ಸ್ವಾಧ್ಯಾಯದಲ್ಲಿ ಕುಳಿತ ಅಜ್ಜಿಯು, ತಲೆತಿರುಗಿ ಬೀಳುವವರೆಗೆ ನಿಂತ ಅಜ್ಜಿಗಿಂತ ಕಡಿಮೆಯವಳಲ್ಲ.

ಅಭ್ಯಾಸಗಳಲ್ಲೆಲ್ಲ ಆಳವಾಗಿ ಬೇರುಬಿಡುವುದು ಊಟದ್ದಲ್ಲ, ವೈರದ್ದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನ ನಿಮಿತ್ತವಾಗಿ ರಚಿಸಿದ ಗೊಮ್ಮಟಸಾರದಲ್ಲಿ ಕಷಾಯಗಳ ತೀವ್ರತೆಯನ್ನು ಮನೆಮಂದಿಗೆಲ್ಲ ತಿಳಿಯುವ ಹೋಲಿಕೆಗಳಿಂದ ತಿಳಿಸಿದ್ದಾರೆ. ಕ್ರೋಧವು ಕಲ್ಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ಲೋಭವು ಕಿರಮಂಜಿಯ ಬಣ್ಣ, ಬಂಡಿಯ ಗಾಲಿಯ ಕೀಲೆಣ್ಣೆಯ ಜಿಡ್ಡು, ಮೈಯ ಕೊಳೆ, ಅರಿಸಿನದ ಕಲೆ. ಬಟ್ಟೆ ಒಗೆಯುವ ಗೃಹಿಣಿಗೆ ಇದಕ್ಕೆ ವ್ಯಾಖ್ಯಾನವೇ ಬೇಡ. ಅರಿಸಿನವು ಬಿಸಿಲಿಗೆ ಹೋಗುತ್ತದೆ, ಕೀಲೆಣ್ಣೆಗೆ ಎಷ್ಟು ತಿಕ್ಕಿದರೂ ಸಾಲದು. ಅದೇ ಗ್ರಂಥದ ಕರ್ಮಕಾಂಡದಲ್ಲಿ ವಾಸನಾಕಾಲವೆಂಬ ವಿಷಯವು ಬರುತ್ತದೆ. ಕಷಾಯದ ಉದಯವು ಅಡಗಿದ ಮೇಲೂ ಅದರ ಸಂಸ್ಕಾರವು ಎಷ್ಟು ಕಾಲ ಉಳಿಯುತ್ತದೆಂಬುದರ ಅಳತೆ ಅದು. ಸಂಜ್ವಲನಕ್ಕೆ ಅಂತರ್ಮುಹೂರ್ತ. ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅದನ್ನೂ ದಾಟಿ ಭವಭವಗಳಿಗೆ ಹಬ್ಬುವುದು ಅನಂತಾನುಬಂಧಿ. ಅದು ಸಮ್ಯಕ್ತ್ವವನ್ನೇ ಘಾತಿಸುವಂಥದು.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಎಷ್ಟೋ ಮನೆಗಳಲ್ಲಿ ಎದೆ ನಡುಗಬೇಕು. ಅಪ್ಪನ ಆಸ್ತಿಯ ಪಾಲಿನಲ್ಲಿ ಮನಸ್ತಾಪವಾಗಿ ಅಣ್ಣತಮ್ಮಂದಿರು ಮಾತುಬಿಟ್ಟು ಹದಿನೈದು ವರ್ಷವಾಗಿರುತ್ತದೆ. ಇಬ್ಬರೂ ದಶಲಕ್ಷಣಪರ್ವದ ಹತ್ತು ದಿನ ಏಕಭುಕ್ತ ಮಾಡುವವರೇ. ಇಬ್ಬರ ಮನೆಯಲ್ಲಿಯೂ ಅನಂತನ ನೋಂಪಿಯು ತಪ್ಪುವುದಿಲ್ಲ. ಕ್ಷಮಾವಾಣಿಯ ದಿನ ಬಸದಿಯಲ್ಲಿ ಸಿಕ್ಕವರಿಗೆಲ್ಲ ಕೈಮುಗಿದು ಕ್ಷಮೆ ಕೇಳುತ್ತ ಬಂದು, ಒಬ್ಬನು ಇನ್ನೊಬ್ಬನೆದುರಿಗೆ ಬರುವಷ್ಟರಲ್ಲಿ ಕಾಲುದಾರಿಯನ್ನು ಬದಲಿಸುತ್ತಾನೆ. ಕೇಳಿದರೆ, ಮೊದಲಿನಿಂದ ನಮ್ಮಿಬ್ಬರಿಗೆ ಹೀಗೆಯೇ, ಇನ್ನು ಸರಿಹೋಗುವಂಥದಲ್ಲ ಎಂಬ ಉತ್ತರ. ಉಪವಾಸಗಳ ಲೆಕ್ಕವನ್ನು ಬೆರಳಲ್ಲಿ ಹಿಡಿಯುವವರು ಆರು ತಿಂಗಳ ಈ ಲೆಕ್ಕವನ್ನು ಹಿಡಿಯುವುದಿಲ್ಲ.

ಹಿನಕಲ್ಲನ್ನು ದಾಟಿ ಹುಣಸೂರಿನ ಕಡೆ ಸಾಗುವ ದಾರಿಯು ಶ್ರಾವಕರನ್ನು ಗೊಮ್ಮಟಗಿರಿಯ ಕಡೆಗೂ ಒಯ್ಯುತ್ತದೆ. ಬಿಳಿಕೆರೆ ಹೋಬಳಿಯ ಬೆಟ್ಟದೂರಿನ ಬಳಿಯ ಶ್ರವಣಗುಡ್ಡದ ಮೇಲೆ ಸುಮಾರು 18 ಅಡಿ ಎತ್ತರದ ಬಾಹುಬಲಿಯ ಮೂರ್ತಿಯಿದೆ. ಅಭಿಷೇಕವನ್ನು ನೋಡಲು ಹೋಗುವವರು ಆ ಸ್ವಾಮಿಯ ಕಥೆಯಲ್ಲಿಯೂ ಇಬ್ಬರು ಅಣ್ಣತಮ್ಮಂದಿರಿದ್ದಾರೆಂಬುದನ್ನು ಮರೆಯಬಾರದು. ಬಾಹುಬಲಿಯು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನು, ಆಹಾರವಿಲ್ಲ, ಅಲುಗಾಟವಿಲ್ಲ. ಬಳ್ಳಿಗಳು ಕಾಲಿಗೆ ಹಬ್ಬಿದುವು. ಅಂತಹ ಉಪವಾಸವನ್ನು ಯಾವ ಗೃಹಸ್ಥನೂ ಮಾಡಲಾರನು. ಆದರೂ ಕೇವಲಜ್ಞಾನವು ತಡೆದು ನಿಂತಿತ್ತು. ಭರತನ ನೆಲದ ಮೇಲೆ ನಿಂತಿದ್ದೇನೆಂಬ ಶಲ್ಯವಿತ್ತೆಂದು ಜನರು ಹೇಳುತ್ತಾರೆ. ಜಿನಸೇನಾಚಾರ್ಯರ ಮಹಾಪುರಾಣದ ಮಾತು ಇನ್ನೂ ಸೂಕ್ಷ್ಮವಾದುದು: ಅಣ್ಣನಿಗೆ ತನ್ನಿಂದ ಕ್ಲೇಶವಾಯಿತಲ್ಲಾ ಎಂಬ ಭಾವವು ಉಳಿದಿತ್ತು. ಭರತಚಕ್ರಿಯು ಬಂದು ಪೂಜಿಸಿದನು, ಕೇವಲಜ್ಞಾನವು ಉದಯಿಸಿತು. ಅಣ್ಣನೇ ಬಂದನೆಂಬುದನ್ನೂ, ಷಟ್ಖಂಡಾಧಿಪತಿಯಾದವನು ಸೋತು ಬಂದು ಕೈಮುಗಿದನೆಂಬುದನ್ನೂ ಹಿರಿಯಣ್ಣಂದಿರು ವಿಶೇಷವಾಗಿ ನೆನೆಯಬೇಕು. ಪಾಲು ಪತ್ರದಲ್ಲಿ ಯಾರದು ಸರಿಯೆಂಬ ಪ್ರಶ್ನೆ ಅಲ್ಲಿ ಏಳಲಿಲ್ಲ.

ನಿಯಮವನ್ನು ಹಿಡಿದು ಮುರಿದವರ ಪಾಡೇನೆಂಬುದು ಉಳಿದ ಪ್ರಶ್ನೆ. ಒಮ್ಮೆ ಹಿಡಿದು ತಪ್ಪಿದೆ, ಇನ್ನು ಮತ್ತೆ ಹಿಡಿಯುವ ಮುಖವಿಲ್ಲವೆಂದು ದೂರವಿರುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಇವರಿಗೂ ಆ ಸಿಂಹದ ಕಥೆಯಲ್ಲಿಯೇ ಉತ್ತರವಿದೆ, ಸ್ವಲ್ಪ ಹಿಂದಕ್ಕೆ ಹೋಗಬೇಕು ಅಷ್ಟೆ. ಅದೇ ಜೀವವು ಬಹು ಹಿಂದೆ ಪುರೂರವನೆಂಬ ಬೇಡರ ನಾಯಕನಾಗಿತ್ತು. ಸಾಗರಸೇನ ಮುನಿಗಳಿಂದ ಮದ್ಯ ಮಾಂಸ ಮಧುಗಳ ತ್ಯಾಗವನ್ನು ಸ್ವೀಕರಿಸಿ ಕೊನೆಯವರೆಗೂ ಪಾಲಿಸಿತ್ತು. ಆ ಪುಣ್ಯದಿಂದ ಸ್ವರ್ಗಕ್ಕೆ ಹೋಗಿ, ಅಲ್ಲಿಂದ ಬಂದು ಭರತನ ಮಗ ಮರೀಚಿಯಾಗಿ, ವೃಷಭಸ್ವಾಮಿಯೊಡನೆ ದೀಕ್ಷೆವಹಿಸಿ, ಪರೀಷಹಗಳನ್ನು ತಾಳಲಾರದೆ ಭ್ರಷ್ಟವಾಯಿತು, ಮಿಥ್ಯಾಮತವನ್ನೂ ಹರಡಿತು. ಆಮೇಲೆ ಎಣಿಕೆಯಿಲ್ಲದ ಭವಗಳು. ಮಾಂಸವನ್ನು ಬಿಟ್ಟಿದ್ದ ಜೀವವೇ ಜಿಂಕೆಯ ಮೇಲೆ ಬಾಯಿಟ್ಟುಕೊಂಡಿತ್ತು, ಚಾರಣಮುನಿಗಳು ಇಳಿದು ಬಂದಾಗ. ಅವರು ಆ ಬಾಯನ್ನು ಕಂಡು ಹಿಂದಿರುಗಲಿಲ್ಲ.

ಗೃಹಸ್ಥನ ನಿಯಮವು ಭಂಗವಾದರೆ ಮಾಡತಕ್ಕದ್ದು ಇಷ್ಟೆ. ಮುಚ್ಚಿಡದೆ ಗುರುಗಳಲ್ಲಿ, ಅವರಿಲ್ಲದಿದ್ದರೆ ಜಿನಬಿಂಬದ ಮುಂದೆ, ಆಲೋಚನೆಯನ್ನು ಒಪ್ಪಿಸುವುದು. ಅವರು ಕೊಟ್ಟ ಪ್ರಾಯಶ್ಚಿತ್ತವನ್ನು, ಒಂದು ಏಕಭುಕ್ತವಿರಲಿ, ಒಂದು ಜಪಮಾಲೆಯಿರಲಿ, ಆ ವಾರವೇ ತೀರಿಸುವುದು. ಮತ್ತೆ ಹಿಡಿಯುವಾಗ ಕಾಲಮಿತಿಯನ್ನು ಮೊದಲಿಗಿಂತ ಚಿಕ್ಕದಾಗಿಡುವುದು. ವರ್ಷಕ್ಕೆ ಹಿಡಿದದ್ದು ಮುರಿದಿದ್ದರೆ ತಿಂಗಳಿಗೆ, ತಿಂಗಳಿಗೆ ಹಿಡಿದದ್ದು ಮುರಿದಿದ್ದರೆ ಪಕ್ಷಕ್ಕೆ. ದಿನಾಂಕವನ್ನೂ ತಿಥಿಯನ್ನೂ ಬರೆದು ದೇವರ ಮನೆಯಲ್ಲಿಡುವುದು. ಆಷಾಢ ಶುದ್ಧ ಚತುರ್ದಶಿಗೆ ಚಾತುರ್ಮಾಸವು ಮೊದಲಾಗುತ್ತದೆ. ಹಿನಕಲ್ಲಿನ ಆ ಮಗನಿಗೆ ಅದಕ್ಕೆ ಮುಂಚೆ ಬರುವ ಭಾನುವಾರವೇ ಆಗಬಹುದು. ಅಂದು ಸಂಜೆ ಐದೂವರೆಗೆ ತಾಯಿಯು ತಟ್ಟೆಯನ್ನು ಹಾಕಿರುತ್ತಾಳೆ.